ಪಾಕದ ಹೊತ್ತಿಗೆ ನಿಲ್ಲಿಸಿದ ರೆಕಾರ್ಡರು

ಆ ಹಾಳೆಯನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಒಂದೇ ಒಂದು ಹಾಳೆ, ಮೇಲೆ ಪ್ಲಾಸ್ಟಿಕ್ಕು ಹೊದಿಸಿ ಲ್ಯಾಮಿನೇಷನ್ ಮಾಡಿಸಿದ್ದು. ಅದರಲ್ಲಿ ಚೌಕಗಳು, ಚೌಕದಿಂದ ಚೌಕಕ್ಕೆ ಬಾಣಗಳು. ಕಬ್ಬು ಬೆಲ್ಲವಾಗುವ ಕೆಲಸವೆಲ್ಲ ಈ ಚೌಕಗಳಲ್ಲಿ ಅಡಗಿದೆ ಎಂದು ಸಾಧಿಸಿದವಳು ನಾನು. ಹಾಳೆಯ ಕೆಳಗೆ ಮೊದಲು ನಮ್ಮ ಪಿಎಚ್‌ಡಿ ಗೈಡಿನ ಹೆಸರು, ಆಮೇಲೆ ನನ್ನ ಹೆಸರು, ನನ್ನ ಫೋನ್ ನಂಬರು. ಅಲ್ಲಿ ನನ್ನ ಹೆಸರೂ ಇರಲೇಬೇಕು ಎಂದು ಜಗಳವಾಡಿ ಹಾಕಿಸಿದವಳೂ ನಾನೇ.

ನಾನು ಕೆ.ಆರ್. ಪೇಟೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಮನೆ ಗಂಜಾಂನಲ್ಲಿ. ದಿನಾ ಎರಡು ಬಸ್ಸು ಹತ್ತಿಳಿದು, ಸಂಜೆ ಬೆನ್ನು ಹಿಡಿದುಕೊಂಡು ಕೂತು ಪಿಎಚ್‌ಡಿ ಮಾಡುತ್ತಿದ್ದೆ. ಕೆಲಸ ಇಷ್ಟು: ಜನ ದುಡಿಯುವಾಗ ಆಡುವ ಮಾತನ್ನೆಲ್ಲ ರೆಕಾರ್ಡ್ ಮಾಡಬೇಕು. ಆ ಮಾತುಗಳಿಂದ ಯಾವ ಹಂತ ಆದಮೇಲೆ ಯಾವುದು ಬರುತ್ತದೆ, ಯಾವುದನ್ನು ಯಾರು ಮಾಡುತ್ತಾರೆ ಎಂದು ಕಂಪ್ಯೂಟರೇ ಹುಡುಕಿ ನಕ್ಷೆ ಬರೆಯಬೇಕು. ಆ ನಕ್ಷೆಯನ್ನು ಓದಿಕೊಂಡು ಇನ್ನೊಂದು ಪ್ರೋಗ್ರಾಮು ಕಥೆ ಹೇಳಬೇಕು. ಕಥೆಗೆ ಒಬ್ಬ ನಾಯಕ ಬೇಕಲ್ಲ, ಯಾರ ಮಾತು ಹೆಚ್ಚೋ ಅವರೇ ನಾಯಕ ಎಂಬ ನಿಯಮವನ್ನು ನಾನೇ ಬರೆದೆ. ಬರೆದ ದಿನ ನನ್ನ ಜಾಣತನಕ್ಕೆ ನಾನೇ ಬೀಗಿದ್ದೆ. ಥೂ!

ಗೈಡು ಮಹಾಶಯರಿಗೆ ನನ್ನನ್ನು ಕಂಡರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. "ದೊಡ್ಡ ದೊಡ್ಡ ಫ್ಯಾಕ್ಟರಿಯವರು ನಿಮ್ಮನ್ನ ಒಳಗೆ ಬಿಡಲ್ಲಮ್ಮ. ನಿಮ್ಮ ಕಡೆ ಬೆಲ್ಲ ಗಿಲ್ಲ ಮಾಡ್ತಾರಲ್ಲ, ಅದನ್ನೇ ತಗೊಳ್ಳಿ" ಅಂದರು. ತಂಗಳನ್ನ ದಾನ ಮಾಡಿದ ಹಾಗಿತ್ತು ಆ ಧಾಟಿ. ಹಲ್ಲು ಕಚ್ಚಿಕೊಂಡು, ಪಾಂಡವಪುರದ ಕಡೆಯ ಒಂದು ಆಲೆಮನೆ ಹುಡುಕಿಕೊಂಡೆ.

ಆ ಆಲೆಮನೆಯ ಯಜಮಾನನಿಗೆ ಬಾಯಿ ಅಂದರೆ ಬಾಯಿ. ಕಬ್ಬು ಇಳಿಸುವವರಿಗೆ ಒಂದು ಕೂಗು, ಗಾಣಕ್ಕೆ ಕೊಡುವವನಿಗೆ ಒಂದು ಕೂಗು, ಒಲೆಗೆ ಸಿಪ್ಪೆ ಹಾಕುವವನಿಗೆ ಇನ್ನೊಂದು. "ಹಾಕ್ಲಾ! ಇಂಗ್ ಹಾಕದೇನ್ಲಾ ಸಿಪ್ಪೆಯ? ಒಲೆ ಕೆಟ್ಟೋಯ್ತದೆ ಕಣ್ಲಾ!" ನಾನು ಅವನ ಅಂಗಿಗೇ ಮೈಕು ಸಿಕ್ಕಿಸಿದೆ. ಇಷ್ಟು ಒಳ್ಳೆಯ ದತ್ತಾಂಶ ಇನ್ನೆಲ್ಲಿ ಸಿಗಬೇಕು ಎಂದು ಹಿಗ್ಗಿದೆ. ಅವನೂ ಹಿಗ್ಗಿದ. ಮೈಕು ಬಂದ ಮೇಲಂತೂ, ಯಾರೂ ಏನೂ ಕೇಳದಿದ್ದರೂ ಕೂಗತೊಡಗಿದ.

ಕೊಪ್ಪರಿಗೆಯ ಪಕ್ಕದಲ್ಲಿ ಒಬ್ಬ ಹೆಂಗಸು ಇರುತ್ತಿದ್ದಳು. ನಲವತ್ತರ ಆಚೆ ಈಚೆ ವಯಸ್ಸು, ಸೊಂಟಕ್ಕೆ ಬಿಗಿದ ಸೆರಗು, ಪಕ್ಕದಲ್ಲಿ ಒಂದು ತಂಬಿಗೆ ತಣ್ಣೀರು. ಮೊದಲ ದಿನ ಯಜಮಾನನ ಎದುರಿಗೇ ಕೇಳಿದೆ, ನಿಮ್ಮದೇನು ಕೆಲಸ ಇಲ್ಲಿ ಎಂದು. ಅವಳು ಅವನ ಮುಖ ನೋಡಿದಳು. "ಅವ್ಳಾ? ಇರ್ತಾಳೆ ಬುಡಿ" ಎಂದು ಅವನೇ ಉತ್ತರ ಕೊಟ್ಟ. ನಾನು 'ಸಹಾಯಕಿ' ಎಂದು ಬರೆದುಕೊಂಡು ಮುಂದೆ ಹೋದೆ.

ಆ ಕಡೆ ಒಂದು ರೂಢಿಯಿದೆ. ಕಬ್ಬಿನ ಹಾಲು ಕುದಿದು ಕುದಿದು ಪಾಕಕ್ಕೆ ಬರುವ ಹೊತ್ತಿಗೆ ಗಾಣದ ಇಂಜಿನ್ನು ನಿಲ್ಲಿಸುತ್ತಾರೆ. ಎಲ್ಲರ ಬಾಯಿಯೂ ಬಂದ್. ಯಜಮಾನನದೂ. ಆ ಹೆಂಗಸು ಒಂದು ಕೈ ಎತ್ತಿದರೆ ಸಾಕು, ಇಡೀ ಆಲೆಮನೆ ಗಪ್‌ಚಿಪ್. ಒಂದೆರಡು ಗಳಿಗೆ ಕೊಪ್ಪರಿಗೆಯ ಕೊತಕೊತ ಬಿಟ್ಟರೆ ಇನ್ನೇನೂ ಕೇಳುತ್ತಿರಲಿಲ್ಲ. ಆಮೇಲೆ ಅವಳು ಕೈ ಇಳಿಸುತ್ತಿದ್ದಳು, ನಾಲ್ಕು ಜನ ಹಾರೆ ಕೊಟ್ಟು ಕೊಪ್ಪರಿಗೆಯನ್ನು ಒಲೆಯಿಂದ ಎತ್ತಿ ಇಳಿಸುತ್ತಿದ್ದರು, ಮತ್ತೆ ಗಲಾಟೆ ಶುರುವಾಗುತ್ತಿತ್ತು. ಇದು ಏನೋ ದೇವರ ಶಾಸ್ತ್ರ ಇರಬೇಕು ಎಂದುಕೊಂಡೆ. ಮಾತಿಲ್ಲದ ಮೇಲೆ ರೆಕಾರ್ಡು ಮಾಡಿ ಏನು ಪ್ರಯೋಜನ? ಅವಳು ಕೈ ಎತ್ತಿದ ಕೂಡಲೇ ನಾನು ರೆಕಾರ್ಡರು ನಿಲ್ಲಿಸುತ್ತಿದ್ದೆ. ಬ್ಯಾಟರಿ ಉಳಿಯುತ್ತಿತ್ತು. ಆ ಬಿಡುವಿನಲ್ಲಿ ನನಗೆ ಬಂದ ಮೆಸೇಜು ನೋಡಿಕೊಳ್ಳುತ್ತಿದ್ದೆ.

ನಕ್ಷೆ ಬಂತು. ಕಥೆಯೂ ಬಂತು. ಪರಿಶೀಲನೆಗೆ ಬಂದ ಪ್ರೊಫೆಸರುಗಳನ್ನು ಆಲೆಮನೆಗೇ ಕರೆದುಕೊಂಡು ಹೋದೆವು. ಅಷ್ಟು ದಿನದಲ್ಲಿ ಒಮ್ಮೆಯೂ ಅತ್ತ ತಲೆ ಹಾಕದ ಗೈಡು ಅವತ್ತು ಬಿಳಿ ಅಂಗಿ ತೊಟ್ಟು ಬಂದು, ಕಬ್ಬಿನ ರಾಶಿಯ ಮುಂದೆ ಫೋಟೋ ಹಿಡಿಸಿಕೊಂಡರು. ಲ್ಯಾಪ್‌ಟಾಪು ಕಥೆಯನ್ನು ಓದಿ ಹೇಳಿತು. "ಯಜಮಾನ ಕಬ್ಬನ್ನು ಗಾಣಕ್ಕೆ ಕೊಡಿಸಿದ. ಹಾಲು ಬಂತು. ಹಾಲು ಉಕ್ಕಿ ಎಲ್ಲರನ್ನೂ ಹೆದರಿಸಿತು. ಯಜಮಾನ ಹೆದರಲಿಲ್ಲ. ಬೆಂಡೆ ಗಿಡದ ರಸ ಹಾಕಿಸಿ ಕೊಳೆ ತೆಗೆಸಿದ. ಆಮೇಲೆ ಅಚ್ಚಿಗೆ ಹುಯ್ಯಿಸಿದ. ಬೆಲ್ಲವಾಯಿತು." ಪ್ರೊಫೆಸರುಗಳು ಚಪ್ಪಾಳೆ ತಟ್ಟಿದರು. ಯಜಮಾನ ಮೀಸೆ ಸವರಿಕೊಂಡು, "ನನ್ ಕತೆಯ ಕಂಪೂಟ್ರೇ ಯೋಳ್ತದಲ್ಲ!" ಅಂದ.

ಆ ಹೆಂಗಸು ಹಿಂದೆ ಸೌಟು ಹಿಡಿದು ನಿಂತಿದ್ದಳು. ಕಥೆ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಅಷ್ಟೇಯಾ?" ಅಂದಳು.

"ಅಷ್ಟೇ" ಅಂದೆ.

ಅವಳು ಹೋಗಿ ಸೌಟು ತೊಳೆಯತೊಡಗಿದಳು. ಇವಳಿಗೇನು ಗೊತ್ತಾಗುತ್ತದೆ ಎಂದು ನನಗೆ ಸಿಟ್ಟು ಬಂತು. ನಿಜ ಹೇಳುತ್ತೇನೆ, ಅವತ್ತು ನನಗೆ ಬಂದದ್ದು ಸಿಟ್ಟೇ.

ತಿಂಗಳ ಮೇಲೆ ಯಜಮಾನನ ಒಂದು ಸಹಿ ಬೇಕಾಗಿ ಮತ್ತೆ ಹೋದೆ. ಗೋಡೆಯ ಮೇಲೆ, ಅವತ್ತು ನಾನು ಕೊಟ್ಟಿದ್ದ ನಕ್ಷೆಯ ಹಾಳೆ ಹೊಳೆಯುತ್ತಿತ್ತು, ಅದಕ್ಕೊಂದು ಹೂವಿನ ಹಾರ ಬೇರೆ. ಕೊಪ್ಪರಿಗೆಯ ಪಕ್ಕ ಅವಳಿರಲಿಲ್ಲ. ಅಚ್ಚಿನಲ್ಲಿದ್ದ ಬೆಲ್ಲವನ್ನು ಮುಟ್ಟಿದರೆ ಬೆರಳಿಗೆ ಅಂಟಿಕೊಂಡು ಬಂತು. ಬೆಲ್ಲ ಗಟ್ಟಿಯಾಗಲೆಂದು ಬೆರೆಸಲು ತಂದ ಸಕ್ಕರೆ ಚೀಲಗಳನ್ನು ಮೂಲೆಯಲ್ಲಿ ಪೇರಿಸಿದ್ದರು.

"ಆ ಹೆಂಗಸೆಲ್ಲಿ?"

"ಕಳ್ಸ್‌ಬುಟ್ಟೆ. ನನ್ ಆಲೆಮನೇಲಿ ನಂಗೇ ಕೈ ಎತ್ತಿ ಬಾಯ್ ಮುಚ್ಚು ಅನ್ನೋಳು! ಎಷ್ಟ್ ವರ್ಸ ಸಯಿಸ್ಕೊಳನ?" ಅಂದ. ಹಾಳೆಯ ಮೇಲೆ ಬೆರಳಿಟ್ಟ. "ನೀವೇ ಬರ್ದಿದ್ದಲ್ವಾ ಮೇಡಂ? ಇದ್ರಲ್ಲಿ ಅವ್ಳೆಲ್ಲವ್ಳೆ, ತೋರ್ಸಿ ಮತ್ತೆ."

ಸಹಿ ಕೇಳುವುದನ್ನೂ ಮರೆತು ಹೊರಗೆ ಬಂದೆ. ಬೆಲ್ಲದ ಲೋಡಿಗೆ ಬಂದಿದ್ದ ಲಾರಿ ಸಾಹೇಬರು, ಆ ಕಡೆಯ ಆಲೆಮನೆಗಳನ್ನೆಲ್ಲ ಬಲ್ಲವರು, ಟಾರ್ಪಾಲು ಕಟ್ಟುತ್ತಾ ಇದನ್ನೆಲ್ಲ ಕೇಳಿಸಿಕೊಂಡಿದ್ದರು. "ತೋಬಾ ತೋಬಾ, ಆ ಅಕ್ಕನ್ ಕೈ ಇಲ್ದೆ ಇಲ್ಲಿ ಏನ್ ಬೆಲ್ಲ ಆಯ್ತದೆ ಮೇಡಂ? ನಾಗಮಂಗಲ ರೋಡಲ್ಲಿ ಇನ್ನೊಂದ್ ಆಲೆಮನೆಗೆ ಸೇರ್ಕೊಂಡವ್ರೆ, ಹೋಗಿ ನೋಡಿ" ಅಂದರು.

ಮರುದಿನವೇ ಹೋದೆ. ನನ್ನನ್ನು ಕಂಡು ಅವಳ ಮುಖ ಗಂಟಿಕ್ಕಿತು. "ಯಾಕ್ ಬಂದೆ? ಇಲ್ಲೂ ಕತೆ ಬರಿಯಾಕಾ?"

"ನೀವು ಮಾಡ್ತಿದ್ದ ಕೆಲಸ ಏನು ಅಂತ ತಿಳ್ಕೊಳ್ಳೋಕೆ ಬಂದೆ."

"ಒಂದ್ ತಿಂಗ್ಳು ಎದುರ್ಗೇ ನಿಂತಿದ್ದೆಯಲ್ಲ ತಾಯಿ, ಅವಾಗೇನ್ ಮಾಡ್ತಿದ್ದೆ?"

ರೆಕಾರ್ಡರು ನಿಲ್ಲಿಸುತ್ತಿದ್ದೆ ಎಂದು ಹೇಳಿದೆ. ಯಾಕೆ ಅಂದಳು. ಬ್ಯಾಟರಿ ಉಳಿಸುವುದಕ್ಕೆ ಅಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ಆ ಚೀಲ ಅಲ್ಲಾಕು. ಬಾಯ್ ಮುಚ್ಕೊಂಡು ಇಲ್ ನಿಂತ್ಕೊ" ಅಂದಳು.

ಬೆಂಕಿಯ ಝಳಕ್ಕೆ ಮುಖ ಬೇಯುತ್ತಿತ್ತು. ಹಾಲು ದಪ್ಪವಾಗುತ್ತಾ ಬಂದು ಗುಳ್ಳೆಯ ಸದ್ದು ಬದಲಾಯಿತು. ಬದಲಾಯಿತು ಎಂದು ನನಗೆ ತಿಳಿದದ್ದು ಅವಳು ಕತ್ತು ಓರೆ ಮಾಡಿದ್ದರಿಂದ. ಅವಳು ಕೈ ಎತ್ತಿದಳು, ಇಂಜಿನ್ನು ನಿಂತಿತು. ಇನ್ನೊಂದು ಕೈಯ ಬೆರಳುಗಳನ್ನು ತಣ್ಣೀರಲ್ಲಿ ಅದ್ದಿ, ಸೌಟಿನಿಂದ ಒಂದಿಷ್ಟು ಪಾಕ ತೆಗೆದು ನೀರಿಗೆ ಬಿಟ್ಟು, ಉಂಡೆ ಮಾಡಿ ತಂಬಿಗೆಯ ಮೈಗೆ ಹೊಡೆದಳು. ಮೆತ್ತಗೆ ಟಪ್ ಅಂದಿತು. ಕಾದಳು. ಹೊಸದಾಗಿ ಪಾಕ ತೆಗೆದು ಮತ್ತೊಮ್ಮೆ ಹೊಡೆದಳು, ಮತ್ತೆ ಟಪ್. ಮೂರನೆಯ ಸಲ ಟಣ್ ಎಂದಿತು, ಕಲ್ಲು ಬಿದ್ದ ಹಾಗೆ. ಅವಳ ಕೈ ಇಳಿಯಿತು, ಕೊಪ್ಪರಿಗೆಯೂ ಇಳಿಯಿತು. ಪಾಕ ಹದಕ್ಕೆ ಬಂತೆಂದು ಹೇಳುವ ಈ ಸದ್ದು ಕೇಳಿಸಲಿ ಎಂದೇ ಅಷ್ಟು ಜನ ಬಾಯಿ ಮುಚ್ಚುತ್ತಿದ್ದರು. ಆ ತಿಂಗಳೆಲ್ಲ ನಾನು ಅದೇ ಹೊತ್ತಿಗೆ ಪಕ್ಕದಲ್ಲೇ ಕೂತು ಮೆಸೇಜು ನೋಡುತ್ತಿದ್ದೆ.

"ನನ್ ಗಂಡುಂದು ಈ ಕೆಲ್ಸ. ಅವ್ನು ಸತ್ತೋದ್ಮೇಲೆ ನನ್ಗೆ ಉಳ್ದಿದ್ದು ಇದೊಂದೇಯ. ಕೊಪ್ಪರಿಗೆ ತಾವ ನಿಂತ್ರೆ ಯಾರೂ ನನ್ನ ಲೇ ಅನ್ನಕ್ಕಿಲ್ಲ" ಅಂದಳು.

ನಾನು ಪುಸ್ತಕ ತೆಗೆದು, ಬರೆದುಕೊಳ್ಳಲೇ ಎಂದು ಕೇಳಿದೆ.

"ಮೊದ್ಲು ಅಲ್ಲಿ ಗೋಡೆಗಂಟ್ಸಿರೋ ಆ ಚೀಟಿ ಕಿತ್ತಾಕು ಓಗು. ಇವತ್ತಲ್ಲ ನಾಳೆ ಇಲ್ಲಿಗೂ ಬತ್ತದೆ, ಅದಿರಗಂಟ ನಂಗೆಲ್ಲೂ ನಿಲ್ಲಾಕ್ ಜಾಗ ಇಲ್ಲ."

ಅಲ್ಲಿಂದಲೇ ಗೈಡಿಗೆ ಫೋನ್ ಮಾಡಿದೆ. ಒಂದು ಹಂತ ತಪ್ಪಿಹೋಗಿದೆ ಸಾರ್, ಅದೇ ಮುಖ್ಯವಾದ್ದು, ನಾಯಕನೂ ತಪ್ಪು ಅಂದೆ. "ಎಲ್ಲರೂ ಒಪ್ಪಿ ಆಗಿದೆ. ಈಗ ಒಂದು ಚೌಕ ಸೇರಿಸಿದ್ರೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ. ಕಥೆ ಚೆನ್ನಾಗೇ ಇದೆಯಲ್ಲ, ಬಿಡಿ" ಅಂದರು. ನಾನು ಫೋನಿನಲ್ಲೇ ಅವರಿಗೆ ಏನು ಅಂದೆನೋ ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಇವತ್ತಿಗೂ ನನ್ನ ಪ್ರಬಂಧ ಅವರ ಮೇಜಿನಲ್ಲಿ ಕೊಳೆಯುತ್ತಿದೆ. ಕೊಳೆಯಲಿ.

ಪಾಂಡವಪುರದ ಬಸ್ಸು ಹಿಡಿದು, ಇಳಿದು, ಬಿಸಿಲಲ್ಲಿ ಆಲೆಮನೆಯವರೆಗೂ ನಡೆದೆ. ಯಾರನ್ನೂ ಕೇಳಲಿಲ್ಲ. ಹಾಳೆಯನ್ನು ಹಾರದ ಸಮೇತ ಕಿತ್ತು ಒಲೆಗೆ ಎಸೆದೆ. ಪ್ಲಾಸ್ಟಿಕ್ಕಿನ ಕಮಟು ವಾಸನೆ ಎದ್ದಿತು. ಯಜಮಾನ ಓಡಿಬಂದು, "ಏನ್ ಬಂದದೆ ನಿಮ್ಗೆ? ಬುದ್ಧಿ ಗಿದ್ಧಿ ಕೆಟ್ಟದಾ?" ಎಂದು ಎಗರಾಡಿದ. ಈ ಹಾಳೆ ಸುಳ್ಳು, ಆ ಹೆಂಗಸನ್ನು ವಾಪಸು ಕರೆಸಿ ಎಂದು ನಾನೂ ಎಗರಾಡಿದೆ. ಅವನು ಇದ್ದಕ್ಕಿದ್ದಂತೆ ತಣ್ಣಗಾಗಿ ಜೇಬಿನಿಂದ ಫೋನು ತೆಗೆದ.

"ಸುಟ್ರೆ ಸುಟ್ಕಳಿ. ನಮ್ ಆಲೆಮನೆಯವ್ರ ಗ್ರೂಪಿಗೆ ಯಾವತ್ತೋ ಹಾಕ್‌ಬುಟ್ಟಿವ್ನಿ. ಎಲ್ಲಾ ಪ್ರಿಂಟ್ ತಗ್ಸಿ ಗೋಡೆಗಂಟುಸ್ಕೊಂಡವ್ರೆ, ಪಾಕ ನೋಡೋರ್ನೂ ಬುಡ್ಸವ್ರೆ."

ಅದಾದ ಮೇಲೆ ನನಗೆ ಫೋನುಗಳು ಬರತೊಡಗಿದವು. ಹಾಳೆಯ ಕೆಳಗೆ ನಂಬರಿತ್ತಲ್ಲ. "ಮೇಡಂ, ನಿಮ್ ಚಾರ್ಟಲ್ಲಿರಂಗೇ ಮಾಡುದ್ವು. ಬೆಲ್ಲ ಗಟ್ಟಿ ಆಯ್ತಾ ಇಲ್ಲ, ಏನ್ ಮಾಡನ?" ಒಬ್ಬರಲ್ಲ, ಇಬ್ಬರಲ್ಲ. ಪಾಕ ನೋಡುವವರನ್ನು ಕರೆಸಿಕೊಳ್ಳಿ ಎಂದು ಕಿರುಚಿದರೆ, ಅಂಥೋರು ಯಾರಾದ್ರೂ ಇದ್ರೆ ಕಳ್ಸಿ ಅನ್ನುತ್ತಿದ್ದರು. ನನಗೆ ಒಂದು ಆಸೆ ಹುಟ್ಟಿತು. ಲಾರಿ ಸಾಹೇಬರಿಂದ ಅವಳ ನಂಬರು ಇಸಿದುಕೊಂಡು ಫೋನ್ ಮಾಡಿದೆ.

"ನಾಲ್ಕು ಕಡೆಯವರು ಕೇಳ್ತಿದಾರೆ. ನಿಮ್ಮಂಥೋರೇ ಬೇಕು ಅಂತಾರೆ. ನಿಮ್ಮ ನಂಬರ್ ಕೊಡ್ಲಾ?"

ಆ ಕಡೆಯಿಂದ ಗಾಳಿಯ ಸದ್ದು, ಕುಡುಗೋಲಿನ ಸದ್ದು. ನಾಗಮಂಗಲ ರೋಡಿನ ಆ ಆಲೆಮನೆಯ ಗೋಡೆಗೂ ನನ್ನ ಹಾಳೆ ಬಂದು, ಅಲ್ಲಿಂದಲೂ ಅವಳನ್ನು ಕಳಿಸಿದ್ದರಂತೆ. ಅವಳೀಗ ಕೂಲಿಗೆ ಕಬ್ಬು ಕಡಿಯಲು ಹೋಗುತ್ತಿದ್ದಳು.

"ಕೊಡ್‌ಬ್ಯಾಡ" ಅಂದಳು.

"ಯಾಕೆ? ಅವ್ರೇ ತಪ್ಪಾಯ್ತು ಅಂತಿದಾರೆ..."

"ಅಂಥೋಳು ಅಲ್ಲಿ ಇರ್ಲೇ ಇಲ್ಲ ಅಂತ ತಾನೇ ನೀ ಬರ್ದಿದ್ದು? ಇಲ್ಲ ಅಂತ್ಲೇ ಯೋಳು."

ಫೋನು ಇಟ್ಟಳು. ನಾನು ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಹತ್ತಬೇಕಿದ್ದ ಬಸ್ಸು ಬಂದು, ನಿಂತು, ಹೊರಟುಹೋಯಿತು. ಫೋನು ಮತ್ತೆ ಬಡಿದುಕೊಂಡಿತು. ಯಾವುದೋ ಆಲೆಮನೆಯವನು, ಹಿಂದೆ ಇಂಜಿನ್ನಿನ ಗದ್ದಲ.

"ಮೇಡಂ, ಪಾಕ ನೋಡೋರು ಯಾರಾರ ಅವ್ರಾ?"

"ಇಲ್ಲ" ಅಂದೆ.