ಲೋಸಾ ಬಿಗಿಹಿಡಿದ ಚರ್ಮ

ನಮ್ಮ ಪಕ್ಕದ ಮನೆಯ ಲೋಸಾ ಚಾಪೆ ಹೆಣೆಯುವವಳು. ಕೇದಗೆಯ ಎಲೆ ಸೀಳಿ ಸೀಳಿ ಅವಳ ಬೆರಳ ತುಂಬ ಗೀರುಗಳು; ಒಂದು ಮಾಯುವಷ್ಟರಲ್ಲಿ ಇನ್ನೊಂದು. ಸಾವಾಯಿ ದ್ವೀಪದ ನಮ್ಮೂರಲ್ಲಿ ಯಾರ ಜಗಳಕ್ಕೂ ಹೋಗದ ಹೆಂಗಸು ಅವಳೊಬ್ಬಳೇ. ಅಂಥವಳಿಗೂ ಸಿಟ್ಟು ಬರಿಸಿದ ಊರು ನಮ್ಮದು.

ಆಕ್ಲೆಂಡಿನಿಂದ ಬಂದ ಅವಳ ಮಗ ಎತುವಾಟಿ ಹಚ್ಚೆಗೆ ಮಲಗಿದ. ಗಂಡಸಿನ ಹಚ್ಚೆಯೆಂದರೆ ಸೊಂಟದಿಂದ ಮೊಣಕಾಲವರೆಗೆ, ವಾರಗಟ್ಟಲೆ ನೋವು. ಅರ್ಧಕ್ಕೆ ಬಿಟ್ಟವನನ್ನು ಸಾಯುವವರೆಗೂ ಹೇಡಿ ಎನ್ನುತ್ತಾರೆ, ಮನೆತನಕ್ಕೇ ಆ ಹೆಸರು ಅಂಟುತ್ತದೆ. ಅವನಿಗೆ ಎಚ್‌ಐವಿ ಇತ್ತು. ದಿನಾ ಮಾತ್ರೆ ನುಂಗುತ್ತಿದ್ದ. ಹಚ್ಚೆ ಹಾಕುವ ಮುದುಕ ಫಿಲೆಮೋನಿಗೆ ಮೊದಲೇ ಹೇಳಿದ್ದ. ಮುದುಕ ಆಸ್ಪತ್ರೆಯಲ್ಲಿ ವಿಚಾರಿಸಿಯೇ ಒಪ್ಪಿದ್ದ.

ಸೊಂಟದ ಹಿಂಬದಿ ಮುಗಿದು ಎಡತೊಡೆ ನಡೆದಿತ್ತು. ಚರ್ಮ ಬಿಗಿಹಿಡಿದು ರಕ್ತ ಒರೆಸುತ್ತಿದ್ದ ಸಹಾಯಕ ಅಪೇಲುವಿನ ಕೈಗವಸು ಹರಿಯಿತು. ತೆಂಗಿನಕಾಯಿ ಸುಲಿಯುವಾಗ ಯಾವಾಗಲೋ ಬೆರಳು ತರಚಿಕೊಂಡಿದ್ದ. ಎತುವಾಟಿ ನೋವಿನಲ್ಲೇ ತಲೆಯೆತ್ತಿ, "ಅಣ್ಣಾ, ಕೈ ತೊಳ್ಕೊ. ನಂಗೆ ಎಚ್‌ಐವಿ ಇದೆ. ಒಂದ್ಸಲ ಡಾಕ್ಟರಿಗೆ ತೋರಿಸ್ಬಿಡು" ಎಂದ.

ಬಾಯಿ ಮುಚ್ಚಿಕೊಂಡಿದ್ದರೆ ಅವನ ಹಚ್ಚೆ ಸಲೀಸಾಗಿ ಮುಗಿಯುತ್ತಿತ್ತು! ಡಾಕ್ಟರಮ್ಮ ಅಪೇಲುವಿನ ಬೆರಳು ನೋಡಿ, "ತರಚಿದ್ದು ಒಣಗಿ ಮುಚ್ಕೊಂಡಿದೆ. ಅವನು ಮಾತ್ರೆನೂ ತಗೊಳ್ತಾನೆ. ಹೆದರೋಂಥದ್ದೇನಿಲ್ಲ" ಎಂದಳು. ಅಪೇಲು ಹೆದರಿದ್ದು ತಪ್ಪಲ್ಲ, ನಾನಾದರೂ ಹೆದರುತ್ತಿದ್ದೆ. ಆದರೆ ಡಾಕ್ಟರ ಮಾತು ಕಿವಿಗೆ ಹಾಕಿಕೊಳ್ಳದೆ ಊರೆಲ್ಲ ಡಂಗುರ ಸಾರಿದನಲ್ಲ, ಅದಕ್ಕೇನನ್ನಬೇಕು? ಇನ್ನೊಬ್ಬ ಸಹಾಯಕನೂ ಎದ್ದುಹೋದ. ಹಚ್ಚೆ ನಿಂತಿತು. ಹಚ್ಚೆಗೆ ಹಾಸಿದ ಆ ಚಾಪೆಯ ಮೇಲೆ ಅದೆಷ್ಟು ಗಂಡಸರು ರಕ್ತ ಸುರಿಸಿಲ್ಲ? ಒಬ್ಬನಾದರೂ ತನ್ನ ರಕ್ತದ ಸಮಾಚಾರ ಹೇಳಿದ್ದನೇ? ಹೇಳಿದವನೇ ಕೆಟ್ಟವನಾದ.

ಲೋಸಾ ನನ್ನನ್ನೂ ಕರೆದುಕೊಂಡು ಅಪೇಲುವಿನ ಮನೆಗೆ ಹೋದಳು.

"ಅಕ್ಕಾ, ನಂಗೂ ಹೆಂಡ್ತಿ ಮಕ್ಕಳಿದಾರೆ" ಎಂದ ಅವನು.

"ಇರ್ಲಪ್ಪ. ಒಂದ್ರ ಮೇಲೊಂದು ಕೈಗವಸು ಹಾಕ್ಕೊ."

"ಹತ್ತು ಹಾಕಿದ್ರೂ ಬರಲ್ಲ. ಅರ್ಧ ಆಗಿದ್ಯಲ್ಲ, ಸಾಕ್ಬಿಡು. ಲುಂಗಿ ಇಳಿಬಿಟ್ಟು ಉಟ್ರೆ ಯಾರಿಗೆ ಕಾಣುತ್ತೆ?"

ನನ್ನ ಮೈ ಉರಿದುಹೋಯಿತು. ಲೋಸಾ ಮನೆ ಕಡೆ ತಿರುಗಿದಳು.

ಬೆಳಿಗ್ಗೆ ಅವಳೇ ಗೀರುಗಳಿಗೆ ಪಟ್ಟಿ ಅಂಟಿಸಿ, ಕೈಗವಸು ಎಳೆದುಕೊಂಡು ಮಗನ ಪಕ್ಕ ಕೂತಳು.

"ಇದು ಹೆಂಗಸರ ಕೆಲಸ ಅಲ್ಲ ಕಣಮ್ಮ" ಎಂದ ಫಿಲೆಮೋನಿ.

"ಗಂಡಸರು ಸಿಕ್ಕಿದ್ರೆ ಕರ್ಕೊಂಡ್ಬಾ ಅಜ್ಜಾ. ಈಗ್ಲೇ ಎದ್ದುಹೋಗ್ತೀನಿ."

ಮುದುಕ ಬಾಗಿಲ ಕಡೆ ನೋಡಿದ. ಯಾರೂ ಬರಲಿಲ್ಲ. ಹೆಂಗಸಾದರೂ ಇನ್ನೊಂದು ಕಡೆಯ ಚರ್ಮ ನಾನು ಹಿಡಿದೆ. ಮಗ ನರಳಿದಾಗೆಲ್ಲ ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹಿಡಿತ ಮಾತ್ರ ಸಡಿಲಲಿಲ್ಲ.

ಹಚ್ಚೆ ಮುಗಿದ ದಿನದ ಊಟಕ್ಕೆ ಊರೆಲ್ಲ ಬಂತು. ಪದ್ಧತಿಯಂತೆ ಎತುವಾಟಿಯ ತಲೆಗೆ ಮೊಟ್ಟೆ ಒಡೆದು, ಮೈಗೆ ಎಣ್ಣೆ ಹಚ್ಚಿದ್ದಾಯಿತು. ಸುಟ್ಟ ಹಂದಿಯ ವಾಸನೆಗೆ ಅಪೇಲುವೂ ಬಂದು ಮುಂದಿನ ಸಾಲಲ್ಲೇ ಕೂತಿದ್ದ. ಲೋಸಾ ಮಾಂಸ ಹಿಡಿದು ನೇರ ಅವನ ಮುಂದೆಯೇ ನಿಂತಳು.

"ಅವನ ರಕ್ತ ಒರೆಸಿದ ಕೈ ಇದೇ ಅಪೇಲು. ಹಂದಿ ಕೊಯ್ದಿದ್ದೂ ಇದೇ. ಬಡಿಸ್ಲಾ, ಎದ್ದುಹೋಗ್ತೀಯಾ?"

ಸಾಲಿನವರೆಲ್ಲ ಕೈ ತಡೆದು ಅವನತ್ತ ನೋಡಿದರು. ಅಪೇಲು ತಲೆ ತಗ್ಗಿಸಿ ತಟ್ಟೆ ಮುಂದೆ ಮಾಡಿದ. ಎರಡು ಸಲ ಹಾಕಿಸಿಕೊಂಡ, ನಾಚಿಕೆಗೆಟ್ಟವನು.