ಬೆಂಚಿನ ಮೇಲಿರುವುದು ಯಾವ ರಂಗಪ್ಪ?

ಸ್ನೇಹಿತರೇ, ಇವತ್ತು ಹೊಳವನಹಳ್ಳಿ ಬಸ್ ಸ್ಟಾಪಿನಲ್ಲಿ ಒಂದು ಕಲ್ಲುಬೆಂಚಿನ ವಿಷಯಕ್ಕೆ ಜಗಳವಾಯಿತು. ತೀರಿಹೋದ ನಮ್ಮ ದೊಡ್ಡಪ್ಪನ ನೆನಪಿಗೆ ಅವರ ಮಗ ಬಸವರಾಜಣ್ಣ ಹಾಕಿಸಿದ ಬೆಂಚು. ಮೇಲೆ ‘ದಿವಂಗತ ರಂಗಪ್ಪನವರ ಸ್ಮರಣಾರ್ಥ’ ಎಂದು ಕೆತ್ತಿಸಿದ್ದಾನೆ.

ಟೀ ಅಂಗಡಿಯ ಗಂಗಮ್ಮಕ್ಕ ಓದಿ ಕೇಳಿದರು: “ಯಾವ ರಂಗಪ್ಪ? ಕುಸ್ತಿ ರಂಗಪ್ಪನಾ, ನಾಟಕದಾಗೆ ಭೀಮ ಆಯ್ತಿದ್ದ ರಂಗಪ್ಪನಾ, ಎಲೆಕ್ಷನ್‌ಗೆ ನಿಂತು ನಿಂತು ಸೋತ ರಂಗಪ್ಪನಾ?”

“ನಮ್ಮಪ್ಪ ಕಣಕ್ಕ!” ಎಂದ ಬಸವರಾಜಣ್ಣ.

“ಓ, ಜಗಳಗಂಟ ರಂಗಪ್ಪ! ಅಂಗೇ ಬರ್ಸಪ್ಪ. ಇಲ್ದಿದ್ರೆ ಪುಣ್ಯ ಎಲ್ಲಾ ಕುಸ್ತಿ ರಂಗಪ್ಪಂಗೆ ಹೋಯ್ತದೆ.”

ಅಣ್ಣನಿಗೆ ಸಿಟ್ಟು ನೆತ್ತಿಗೇರಿತು. “ನಮ್ಮಪ್ಪ ಜಗಳಗಂಟನಾ? ಯಾರ್ ಹೇಳಿದ್ದು? ಬರಾಕ್ ಹೇಳು ಮುಂದಕ್ಕೆ!” ಎಂದು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಮಧುಗಿರಿ ಬಸ್ಸು ಬಂದು ಹೋಯಿತು. ಜಗಳ ಬಿಟ್ಟು ಯಾರೂ ಹತ್ತಲಿಲ್ಲ.

ಅದೇ ಬೆಂಚಿನಲ್ಲಿ ಕೂತಿದ್ದ ಅಜ್ಜ ಒಬ್ಬರು ತಲೆಯಾಡಿಸಿದರು: “ಅನ್ಮಾನನೇ ಬ್ಯಾಡ ಗಂಗಮ್ಮ, ಇವ್ನು ಅವ್ನ ಮಗನೇ.”

ಸಮಾಧಾನ ಮಾಡಲು ನಾನು ನಡುವೆ ಬಾಯಿ ಹಾಕಿದೆ: “ಬರೀ ರಂಗಪ್ಪ ಅಂತಲೇ ಇರ್ಲಿ ಬುಡಕ್ಕ. ನನ್ನೆಸರೂ ಅದೇ. ನಾಳೆ ನನಗೂ ಇದೇ ಬೆಂಚು ಆಯ್ತದೆ.”

“ನೀನು ಬೇರೆ ಬುಡು,” ಎಂದರು ಗಂಗಮ್ಮಕ್ಕ. “ಊರೆಲ್ಲಾ ನಿನ್ನ ಸ್ಟೇಟಸ್ ರಂಗಪ್ಪ ಅಂತದೆ.”

ಇದನ್ನು ಸ್ಟೇಟಸ್‌ಗೆ ಹಾಕಬಾರದು ಎಂದು ಸಂಜೆವರೆಗೂ ತಡೆದುಕೊಂಡಿದ್ದೆ.