ಅತ್ತೆ, ನಾನು ಮತ್ತು ಕುಕ್ಕರಿನ ಮುಚ್ಚಳ

ಗೆಳತಿಯರೇ, ಇವತ್ತು ನಾನು ಅತ್ತೆಯ ಮೇಲೆ ಕೂಗಿಬಿಟ್ಟೆ! ಹೌದು, ನಾನೇ!

ಕುಚಲಕ್ಕಿ ಬೇಯಿಸಿಯೇ ನಮ್ಮ ಗ್ಯಾಸ್ ಮುಗಿಯುತ್ತಿತ್ತು. ಅದಕ್ಕೇ ನಿನ್ನೆ ಹೊನ್ನಾವರದಿಂದ ಥರ್ಮಲ್ ಕುಕ್ಕರ್ ತಂದೆ. ಅಕ್ಕಿಯನ್ನು ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಅದರೊಳಗೆ ಇಟ್ಟು ಮುಚ್ಚಿದರೆ ಸಾಕು, ಒಲೆಯಿಲ್ಲದೆ ನಿಧಾನವಾಗಿ ಬೇಯುತ್ತದೆ. ಮನೆಯಲ್ಲಿ ಮೂವರೇ ಎಂದು ಚಿಕ್ಕದನ್ನೇ ಆರಿಸಿದೆ. ದೊಡ್ಡದರಲ್ಲಿ ಸ್ವಲ್ಪವೇ ಇಟ್ಟರೆ ಬಿಸಿ ನಿಲ್ಲುವುದಿಲ್ಲ.

ಇವತ್ತು ಬೆಳಿಗ್ಗೆ ಅಕ್ಕಿ ಕುದಿಸಿ ಅದರಲ್ಲಿಟ್ಟು ಮುಚ್ಚಿದ್ದೆ. ಮೀನು ಮಾರಿ ಬಂದ ಅತ್ತೆ ನಂಬಲೇ ಇಲ್ಲ.

"ಬೆಂಕಿ ಇಲ್ದೆ ಅನ್ನ ಬೇಯ್ತದಾ? ನಾ ಎಂತ ಮಳ್ಳಿಯಾ? ಬೇಯದಿದ್ರೆ ಸಂಜೆ ಬಸ್ಸಿಗೇ ಹೋಗಿ ವಾಪಸ್ ಕೊಟ್ಟು ಬಾ" ಎನ್ನುತ್ತಾ ಮುಚ್ಚಳಕ್ಕೆ ಕೈ ಹಾಕಿದರು.

"ಅತ್ತೇ, ತೆಗೀಬೇಡಿ! ಬಿಸಿ ಹೋದ್ರೆ ಅಕ್ಕಿ ಹಾಗೇ ಉಳೀತದೆ!"

ಮದುವೆಯಾದ ಮೇಲೆ ಈ ಮನೆಯಲ್ಲಿ ನನ್ನ ದನಿ ಇಷ್ಟು ಏರಿದ್ದು ಇದೇ ಮೊದಲು. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು.

ಊಟದ ಹೊತ್ತಿಗೆ ತೆರೆದರೆ ಒಂದೊಂದು ಅಗುಳೂ ಮೆತ್ತಗೆ ಅರಳಿತ್ತು, ಹಬೆಯಾಡುತ್ತಿತ್ತು! ಅತ್ತೆ ಬಂಗಡೆ ಸಾರಿನ ಜೊತೆ ಎರಡು ಸಲ ಹಾಕಿಸಿಕೊಂಡರು. ಪಕ್ಕದ ಮನೆಯ ಪಾರ್ವತಕ್ಕ ಕುಕ್ಕರ್ ನೋಡಲು ಬಂದಾಗ ಅತ್ತೆಯೇ ಮುಂದೆ ಬಂದು ಹೇಳಿದರು.

"ನಾನೇ ತರ್ಲಿಕ್ಕೆ ಹೇಳಿದ್ದು ಮಾರಾಯ್ತಿ. ಆದ್ರೆ ಮುಚ್ಚಳ ಮುಟ್ಬೇಡ, ನಮ್ಮ ಸೊಸೆ ಕೂಗ್ತಾಳೆ."

ನಾಳೆಯಿಂದ ಕೇರಿಗೆಲ್ಲ ನಾನು ಜೋರಿನ ಸೊಸೆ. ಇರಲಿ, ಗ್ಯಾಸ್ ಉಳಿಯಿತಲ್ಲ!